ಮಕ್ಕಳ ಆಟದ ಬಯಲು: ನಾಲ್ಕು ತಲೆಮಾರುಗಳ ಆರೋಗ್ಯ

ಕಳೆದ ಆಷಾಢದಲ್ಲಿ ರಾಯಚೂರಿನ ನಮ್ಮ ಚಿಕಿತ್ಸಾಲಯಕ್ಕೆ ಹನ್ನೊಂದು ವರ್ಷದ ಬಾಲಕನೊಬ್ಬನನ್ನು ಅವನ ತಾಯಿ ಕರೆತಂದಿದ್ದರು. ಮಲಬದ್ಧತೆ, ಪದೇ ಪದೇ ನೆಗಡಿ, ರಾತ್ರಿ ಬೇಗ ನಿದ್ರೆ ಬಾರದು, ಬೆಳಿಗ್ಗೆ ಏಳಲಾಗದು. ಎರಡು ವರ್ಷಗಳಲ್ಲಿ ಕನ್ನಡಕದ ನಂಬರು ಎರಡು ಸಲ ಏರಿತ್ತು. ನಾಡಿ, ನಾಲಿಗೆ, ಉದರವನ್ನು ಪರೀಕ್ಷಿಸಿದ ಬಳಿಕ ರೂಢಿಯಂತೆ ಅವನ ಕಾಲುಗಳನ್ನು ನೋಡಿದೆವು. ಅಂಗಾಲು ಹಸುಗೂಸಿನದರಷ್ಟು ಮೃದುವಾಗಿತ್ತು. ಮೊಣಕಾಲಿನ ಮೇಲೆ ಒಂದೇ ಒಂದು ಹಳೆಯ ಗಾಯದ ಕಲೆ ಇರಲಿಲ್ಲ. ಯಾವ ಆಟ ಆಡುತ್ತೀಯೆಂದು ಕೇಳಿದಾಗ ಮೊಬೈಲಿನಲ್ಲಿ ಆಡುವ ಆಟದ ಹೆಸರು ಹೇಳಿದನು. ತಾಯಿ ನಡುವೆ ಬಾಯಿ ಹಾಕಿ, "ಹೊರಗ ಹೋಗಲಿಕ್ಕೆ ನಾವ ಬಿಡಂಗಿಲ್ರಿ ಡಾಕ್ಟ್ರೇ. ಗಾಡಿಗೋಳು ನೋಡ್ರಿ, ನಾಯಿಗೋಳು ನೋಡ್ರಿ, ಯಾರನ್ನ ನಂಬಿ ಬಿಡಬೇಕ್ರಿ?" ಎಂದರು.

ಆ ತಾಯಿಯ ಮಾತನ್ನು ತಳ್ಳಿಹಾಕುವ ಧೈರ್ಯ ನಮಗಿಲ್ಲ. ಆದರೆ ಆ ಬಾಲಕನಿಗೆ ಬರೆದುಕೊಟ್ಟ ಚೂರ್ಣಕ್ಕಿಂತ ಅವನಿಗೆ ಬೇಕಾದದ್ದು ಬೇರೊಂದಿತ್ತು. ಅದು ಔಷಧಾಲಯದಲ್ಲಿ ಸಿಗುವ ವಸ್ತುವಲ್ಲ. ಈ ತಿಂಗಳು ಅದರ ವಿಷಯವಾಗಿಯೇ ಭಕ್ತಬಂಧುಗಳೊಡನೆ ಮಾತನಾಡಬೇಕೆನಿಸಿತು.

ನಮ್ಮ ತಂದೆಯವರ ಬಾಲ್ಯ ರಾಯಚೂರು ಇನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದ್ದು. ದೇವದುರ್ಗ ತಾಲ್ಲೂಕಿನ ನಮ್ಮೂರಿನಿಂದ ಕೃಷ್ಣೆಯ ದಂಡೆ ಒಂದು ಹರದಾರಿ. ಎಂಟನೆಯ ವಯಸ್ಸಿಗೆ ಅವರು ಎಮ್ಮೆಗಳನ್ನು ಹೊಡೆದುಕೊಂಡು ಅಲ್ಲಿಗೆ ಹೋಗಿ, ನೀರಿಗಿಳಿದು, ಎಮ್ಮೆಯ ಬೆನ್ನ ಮೇಲೆಯೇ ಈಜು ಕಲಿತವರು. ಎಲ್ಲಿಗೆ ಹೋಗಿದ್ದೆಯೆಂದು ಕೇಳುವವರಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕೆಂಬುದೊಂದೇ ಕಟ್ಟಳೆ.

ನಮ್ಮ ಕಾಲಕ್ಕೆ ಶಾಲೆಯೆಂಬುದು ಬಂದಿತ್ತು, ಆದರೆ ಬಯಲು ಹಾಗೆಯೇ ಉಳಿದಿತ್ತು. ಆಟಗಳಿಗೊಂದು ಪಂಚಾಂಗವೇ ಇತ್ತೆಂದರೆ ಸಲ್ಲುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಹಳ್ಳದಿಂದ ಜಿಗುಟು ಮಣ್ಣು ತಂದು ಎತ್ತು ಮಾಡುವುದು. ನಾಗರ ಪಂಚಮಿಗೆ ಬೇವಿನ ಗಿಡಕ್ಕೆ ಹಗ್ಗ ಕಟ್ಟಿ ಜೋಕಾಲಿ ಜೀಕುವುದು. ಜೋಳದ ರಾಶಿ ಮುಗಿದು ಎರೆಹೊಲಗಳು ಬರಿದಾದ ಮೇಲೆ ಚಿಣ್ಣಿದಾಂಡು, ಲಗೋರಿ, ಹುತುತು. ಚಿಣ್ಣಿ ಎಷ್ಟು ದೂರ ಹಾರಿದರೂ ಬೀಳಲು ಹೊಲವಿತ್ತು. ಬೇಸಿಗೆಯ ನಡುಹಗಲಿನಲ್ಲಿ ಯಾರೂ ಬಯಲಿಗಿಳಿಯುತ್ತಿರಲಿಲ್ಲ. ಗುಡಿಯ ಪೌಳಿಯ ನೆರಳಿನಲ್ಲಿ ಗೋಲಿ, ಚೌಕಾಬಾರ, ಹುಲಿಮನೆ ಆಟಗಳು ನಡೆಯುತ್ತಿದ್ದವು. ಬಿಸಿಲು ಇಳಿದ ಮೇಲೆ ಗಿಡಮಂಗನಾಟ. ಬಿದ್ದು ಕೈ ಮುರಿದುಕೊಂಡವರು ಎಲ್ಲ ಓಣಿಗಳಲ್ಲಿಯೂ ಇದ್ದರು.

ಇಷ್ಟು ಹೇಳಿ ಹಿಂದಿನ ಕಾಲವೇ ಸ್ವರ್ಗವೆಂದು ಮುಗಿಸಿದರೆ ಅದು ವೈದ್ಯನಾದವನು ಆಡುವ ಮಾತಾಗದು. ನಮ್ಮ ಓರಗೆಯ ಗೆಳೆಯನೊಬ್ಬ ಒಂದು ಮಧ್ಯಾಹ್ನ ಬೆನ್ನಿಗೆ ಬೆಂಡು ಕಟ್ಟಿಕೊಳ್ಳದೆಯೇ ಹೊಲದ ಬಾವಿಗಿಳಿದನು. ನಾವು ಐದು ಜನ ದಡದಲ್ಲಿದ್ದೆವು, ಯಾರಿಗೂ ಅಷ್ಟು ಆಳಕ್ಕೆ ಮುಳುಗಲು ಬಾರದು. ದೊಡ್ಡವರನ್ನು ಕರೆತರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಅವನ ತಾಯಿ ಉಳಿದ ಮಕ್ಕಳನ್ನು ಅನೇಕ ವರ್ಷ ಹೊಸ್ತಿಲು ದಾಟಗೊಡಲಿಲ್ಲ. ಇಂದು ಯಾವ ತಾಯಿಯಾದರೂ "ಬಿಡಂಗಿಲ್ರಿ" ಎಂದಾಗ ನಮಗೆ ಆ ತಾಯಿಯ ಮುಖ ನೆನಪಾಗುತ್ತದೆ.

ಆ ಬಯಲು ಎಲ್ಲರಿಗೂ ಸಮಾನವಾಗಿ ತೆರೆದಿರಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ನಮ್ಮ ಅಕ್ಕ ಕುಂಟಾಟವಾಡುವಾಗಲೂ ಕಂಕುಳಲ್ಲಿ ತಮ್ಮನೊಬ್ಬನಿರುತ್ತಿದ್ದನು. ಹನ್ನೆರಡು ತುಂಬಿದ ಮೇಲೆ ಆ ಕುಂಟಾಟವೂ ನಿಂತಿತು. ಸಾಲಕ್ಕಾಗಿ ಜೀತಕ್ಕಿದ್ದ ಮನೆಗಳ ಹುಡುಗರು ದಿನವೆಲ್ಲ ಬಯಲಿನಲ್ಲಿಯೇ ಇರುತ್ತಿದ್ದರು, ಒಡೆಯರ ದನಗಳ ಹಿಂದೆ. ಜೀತಪದ್ಧತಿಯನ್ನು ರದ್ದುಗೊಳಿಸಿದ ಕಾನೂನು ಬಂದದ್ದು 1976ರಲ್ಲಿ. ಅಲ್ಲಿಯವರೆಗೆ ಆ ಮಕ್ಕಳಿಗೆ ಬಯಲಿತ್ತು, ಬಿಡುವಿರಲಿಲ್ಲ. ಇಂದಿಗೂ ನಮ್ಮ ಭಾಗದಲ್ಲಿ ಹತ್ತಿ ಬಿಡಿಸುವ ಹಂಗಾಮಿನಲ್ಲಿ ಶಾಲೆ ತಪ್ಪಿಸುವ ಮಕ್ಕಳಿದ್ದಾರೆ. ಅವರಿಗೆ ದೇಹಶ್ರಮದ ಕೊರತೆಯಿಲ್ಲ, ಆಟದ ಕೊರತೆಯಿದೆ. ಇವೆರಡೂ ಒಂದೇ ಅಲ್ಲ.

ಮೂರನೆಯ ತಲೆಮಾರು ನಮ್ಮ ಮಗಳದು. ನಾವು ರಾಯಚೂರಿನಲ್ಲಿ ಚಿಕಿತ್ಸಾಲಯ ತೆರೆದು ನೆಲೆಸಿದ ಮೇಲೆ ಹುಟ್ಟಿದವಳು. ಹತ್ತು ವರ್ಷದವರೆಗೆ ಓಣಿಯಲ್ಲಿ ಆಡಿದಳು. ಆ ಬಳಿಕ ಟ್ಯೂಷನ್, ದೂರದರ್ಶನ, ಮತ್ತು "ಇನ್ನು ಸಾಕು, ಒಳಗೆ ಬಾ" ಎಂಬ ನಮ್ಮದೇ ಆಜ್ಞೆ. ಊರಿನ ಮಕ್ಕಳಿಗೆಲ್ಲ ವ್ಯಾಯಾಮದ ಮಹತ್ವ ಹೇಳುತ್ತಿದ್ದ ವೈದ್ಯನ ಮನೆಯಲ್ಲಿಯೇ ಇದು ನಡೆಯಿತು. ಮೂವತ್ತು ದಾಟಿದ ಮೇಲೆ ಸೊಂಟನೋವು, ದಣಿವು ಎಂದು ಬಂದವಳ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಬಹಳ ಕಡಿಮೆಯಿರುವುದು ಕಂಡುಬಂತು. ವರ್ಷದ ಬಹುಭಾಗ ಬಿಸಿಲು ಕಾಯುವ ರಾಯಚೂರಿನಲ್ಲಿ! ಬಿಸಿಲಿದ್ದರೆ ಸಾಲದು, ಅದು ಚರ್ಮಕ್ಕೆ ತಾಗಬೇಕು; ಕಿಟಕಿಯ ಗಾಜಿನೊಳಗಿಂದ ಬರುವ ಬಿಸಿಲಿನಿಂದ ಈ ಜೀವಸತ್ವ ಉತ್ಪತ್ತಿಯಾಗದು. ಮಗಳು ನಕ್ಕು, "ಅಪ್ಪಾಜಿ, ಒಳಗ ಕೂಡಿಸಿದವರು ನೀವ ಅಲ್ರೀ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಇನ್ನು ಅವಳ ಮಗ, ಎಂಟು ವರ್ಷದವನು. ಮೂರನೆಯ ಮಹಡಿಯ ಮನೆ. ಅವನು ಯಾರ ಕೈಯನ್ನೂ ಹಿಡಿಯದೆ ನಡೆಯುವ ಅತಿ ದೀರ್ಘ ಪ್ರಯಾಣವೆಂದರೆ ಲಿಫ್ಟಿನಿಂದ ಶಾಲಾ ವಾಹನದವರೆಗೆ. ಮುತ್ತಾತನ ಒಂದು ಹರದಾರಿ ಮರಿಮಗನಿಗೆ ಇಪ್ಪತ್ತು ಹೆಜ್ಜೆಯಾಗಿದೆ. ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಒಂದು ಕುಟುಂಬದ ನಾಲ್ಕು ತಲೆಮಾರುಗಳನ್ನು ಕುರಿತ ವಿವರ 2007ರಲ್ಲಿ ಪ್ರಕಟವಾಗಿತ್ತು. ಮುತ್ತಾತ ಎಂಟರ ವಯಸ್ಸಿನಲ್ಲಿ ಮೀನು ಹಿಡಿಯಲು ಒಬ್ಬನೇ ಆರು ಮೈಲಿ ನಡೆದುಹೋಗುತ್ತಿದ್ದರೆ, ಅದೇ ವಯಸ್ಸಿನ ಮರಿಮಗನಿಗೆ ತಾನೊಬ್ಬನೇ ಹೋಗಲು ಅನುಮತಿಯಿದ್ದದ್ದು ಬೀದಿಯ ತುದಿಯವರೆಗಿನ ಮುನ್ನೂರು ಗಜ ಮಾತ್ರ. ಶೆಫೀಲ್ಡ್ ಎಲ್ಲಿ, ದೇವದುರ್ಗ ಎಲ್ಲಿ! ಲೆಕ್ಕ ಮಾತ್ರ ಒಂದೇ.

ನಗರದಲ್ಲಿ ಹೀಗಾಯಿತು, ಹಳ್ಳಿಯಲ್ಲಾದರೂ ಬಯಲು ಉಳಿದಿದೆಯೆಂದು ಭಾವಿಸುವವರಿದ್ದಾರೆ. ನಾವು ವಾರಕ್ಕೊಮ್ಮೆ ಮಾನ್ವಿಗೆ ಹೋಗಿ ರೋಗಿಗಳನ್ನು ನೋಡುತ್ತೇವೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಆ ಸೀಮೆಯ ಹಸಿವನ್ನು ನೀಗಿತು, ಅದನ್ನು ಮರೆಯಲಾಗದು. ಆದರೆ ಹಿಂದೆ ಜೋಳ ಕೊಯ್ದ ಮೇಲೆ ತಿಂಗಳುಗಟ್ಟಲೆ ಖಾಲಿಯಿರುತ್ತಿದ್ದ ಎರೆಹೊಲದಲ್ಲಿ ಈಗ ಭತ್ತದ ಕೆಸರು ನಿಂತಿರುತ್ತದೆ. ನೀರು ಸಿಕ್ಕ ವರ್ಷ ಎರಡು ಬೆಳೆ. ಅದಕ್ಕೆ ಸಿಂಪಡಿಸುವ ಕೀಟನಾಶಕವಿದೆ, ನಿಂತ ನೀರಿನ ಸೊಳ್ಳೆಯಿದೆ, ಪಕ್ಕದಲ್ಲಿ ರಭಸವಾಗಿ ಹರಿಯುವ ಕಾಲುವೆಯಿದೆ. ಮಕ್ಕಳ ಮೈದಾನವೆಂದು ಯಾರೂ ಹೆಸರಿಡದಿದ್ದ ಮೈದಾನ ಹೀಗೆ ಸದ್ದಿಲ್ಲದೆ ಮಾಯವಾಯಿತು. 2020ರಲ್ಲಿ ಕೋವಿಡ್ ಕಾರಣ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಕೈಗೆ ಬಂದ ಮೊಬೈಲು ಶಾಲೆ ತೆರೆದ ಮೇಲೆ ಹಿಂದಿರುಗಲಿಲ್ಲ. ಮಾನ್ವಿಯ ಹಳ್ಳಿಯ ಬಾಲಕನ ತೊಂದರೆಗೂ ರಾಯಚೂರಿನ ಬಾಲಕನ ತೊಂದರೆಗೂ ನಮಗೀಗ ವ್ಯತ್ಯಾಸ ಕಾಣುತ್ತಿಲ್ಲ.

ಇದನ್ನು ಆಯುರ್ವೇದವು ಹೇಗೆ ನೋಡುತ್ತದೆ? ಅಷ್ಟಾಂಗಗಳಲ್ಲಿ ಕೌಮಾರಭೃತ್ಯವೆಂಬುದು ಒಂದು ಪ್ರತ್ಯೇಕ ಅಂಗ. ಬಾಲ್ಯವು ಕಫಪ್ರಧಾನವಾದ ಅವಸ್ಥೆ. ಕಫವು ದೇಹವನ್ನು ಕಟ್ಟುತ್ತದೆ. ಚಲನೆಯಿಲ್ಲದಿದ್ದರೆ ಅದೇ ಕಫವು ಸಂಚಯಗೊಂಡು ಅಗ್ನಿಯನ್ನು ಮಂದಗೊಳಿಸುತ್ತದೆ. ನೆಗಡಿ, ಮಲಬದ್ಧತೆ, ಆಲಸ್ಯ, ಸ್ಥೌಲ್ಯ ಇವೆಲ್ಲ ಆ ಒಂದೇ ಬೇರಿನ ಕೊಂಬೆಗಳು. ಕುಳಿತಲ್ಲಿಯೇ ಕುಳಿತಿರುವ ಸುಖವನ್ನು ಚರಕಾಚಾರ್ಯರು ಪ್ರಮೇಹದ ಕಾರಣಗಳಲ್ಲಿ ಎಣಿಸಿದ್ದಾರೆ. ಅವರು ಹೇಳುತ್ತಿದ್ದುದು ಪ್ರಾಯದವರನ್ನು ಕುರಿತು. ಇಂದು ಆ ಸುಖವನ್ನು ನಾವು ಆರು ವರ್ಷದ ಮಗುವಿಗೆ ಉಣಬಡಿಸುತ್ತಿದ್ದೇವೆ.

ಇಲ್ಲೊಂದು ಸಂದೇಹಕ್ಕೆ ಎಡೆಯಿದೆ. ಬಾಲರು ವ್ಯಾಯಾಮವನ್ನು ಬಿಡಬೇಕೆಂದು ವಾಗ್ಭಟರೇ ಹೇಳಿದ್ದಾರಲ್ಲವೇ ಎಂದು ಓದಿದವರು ಕೇಳಬಹುದು. ಹೌದು, ಹೇಳಿದ್ದಾರೆ. ಆದರೆ ಅಲ್ಲಿನ ವ್ಯಾಯಾಮವೆಂದರೆ ಆಯಾಸವನ್ನುಂಟುಮಾಡುವ ಕಸರತ್ತು. ಆಟಕ್ಕೆ ಆ ನಿಷೇಧವಿಲ್ಲ. ಅಷ್ಟಾಂಗ ಸಂಗ್ರಹದಲ್ಲಿ ಮಗುವಿನ ಕ್ರೀಡಾಭೂಮಿ ಹೇಗಿರಬೇಕೆಂಬ ವಿಧಿಯೇ ಇದೆ: ಸಮತಟ್ಟಾಗಿರಬೇಕು, ಆಯುಧ, ಕಲ್ಲು, ಹರಳುಗಳಿರಬಾರದು, ವಾಯುವಿಡಂಗ ಮೆಣಸುಗಳ ನೀರನ್ನಾಗಲಿ ಬೇವಿನ ನೀರನ್ನಾಗಲಿ ಚಿಮುಕಿಸಿರಬೇಕು. ಶತಮಾನಗಳ ಹಿಂದೆಯೇ ವೈದ್ಯನೊಬ್ಬನು ಮಗುವನ್ನು ನೆಲಕ್ಕೆ ಬಿಡಬೇಡವೆನ್ನಲಿಲ್ಲ, ನೆಲವನ್ನು ಮಗುವಿಗೆ ಯೋಗ್ಯಗೊಳಿಸಿರೆಂದನು. ಚರಕಸಂಹಿತೆಯಂತೂ ಆಟಿಕೆಗಳು ಹಗುರವಾಗಿ, ಬಣ್ಣಬಣ್ಣವಾಗಿ, ಸದ್ದು ಮಾಡುವಂತೆ, ಮೊನೆಯಿಲ್ಲದೆ, ಬಾಯೊಳಗೆ ಹೋಗದಂತಿರಬೇಕೆಂದೂ, ಮಗುವನ್ನು ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಹೆದರಿಸಬಾರದೆಂದೂ ವಿಧಿಸುತ್ತದೆ. ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆನ್ನುವ ನಮ್ಮ ಅಮ್ಮಂದಿರು ಇದನ್ನು ಗಮನಿಸಲಿ.

ಆಧುನಿಕ ವಿಜ್ಞಾನ ಹೇಳುವುದೂ ಇದಕ್ಕೆ ವಿರುದ್ಧವಿಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂತಹ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. 2ರಿಂದ 4 ವರ್ಷದವರಿಗೆ ಪರದೆಯ ಮುಂದೆ ಒಂದು ಗಂಟೆಗಿಂತ ಹೆಚ್ಚು ಸಲ್ಲದು, ಕಡಿಮೆಯಾದಷ್ಟೂ ಒಳ್ಳೆಯದು; ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ. ಕಣ್ಣಿನ ವಿಚಾರವಂತೂ ಕುತೂಹಲಕರವಾದದ್ದು. ಕೋಣೆಯೊಳಗಿನ ಬೆಳಕಿಗಿಂತ ಬಯಲಿನ ಬೆಳಕು, ಗಿಡದ ನೆರಳಿನಲ್ಲಿಯೂ, ಹತ್ತಾರು ಪಟ್ಟು ಹೆಚ್ಚು. ಬೆಳೆಯುವ ಕಣ್ಣಿಗೆ ಆ ಬೆಳಕು ದೊರೆಯದಿದ್ದರೆ ಕಣ್ಣುಗುಡ್ಡೆ ಉದ್ದವಾಗುತ್ತ ಹೋಗಿ ದೂರದ್ದು ಮಸುಕಾಗುವ ಸಂಭವ ಹೆಚ್ಚು. ತೈವಾನ್ ದೇಶದಲ್ಲಿ 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಕಳುಹಿಸುವ ಕಾರ್ಯಕ್ರಮವನ್ನು ಇದಕ್ಕಾಗಿಯೇ ಆರಂಭಿಸಿದರು. ಹೀಗೆಂದು ಬಂದ ಕನ್ನಡಕ ಬಯಲಿಗೆ ಹೋದರೆ ಕಳಚಿಬೀಳುತ್ತದೆಂದು ಯಾರೂ ತಿಳಿಯಬಾರದು. ಬಾರದಂತೆ ತಡೆಯುವಲ್ಲಿಯೇ ಬಯಲಿನ ಉಪಕಾರ ಹೆಚ್ಚು.

ಹಾಗಾದರೆ 42 ಡಿಗ್ರಿ ದಾಟುವ ನಮ್ಮೂರಿನಲ್ಲಿ ಏನು ಮಾಡಬೇಕು? ಋತುಚರ್ಯೆಯನ್ನು ಅನುಸರಿಸಬೇಕು. ಗ್ರೀಷ್ಮದಲ್ಲಿ ಬಲ ಕ್ಷೀಣವಾಗಿರುತ್ತದೆ. ಆಗ ಬೆಳಿಗ್ಗೆ ಎಂಟರೊಳಗೆ ಮತ್ತು ಸಂಜೆ ಐದೂವರೆಯ ಬಳಿಕ ಮಾತ್ರ ಆಟ. ಹೊರಡುವ ಮುನ್ನ ನೀರು, ಬಂದ ಮೇಲೆ ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ಜೋಳದ ಅಂಬಲಿ. ಹೇಮಂತದಲ್ಲಿ ಬಲವೂ ಅಗ್ನಿಯೂ ಉತ್ತಮವಾಗಿರುತ್ತವೆ. ವಿಟಮಿನ್ ಡಿಗೆ ಬೇಕಾದ ಕಿರಣಗಳು ಏರುಹೊತ್ತಿನಲ್ಲಿಯೇ ಹೆಚ್ಚಾದ್ದರಿಂದ, ರಜೆಯ ದಿನ ಹತ್ತು ಗಂಟೆಯ ನಂತರವೂ ಅರ್ಧ ತಾಸು ತೋಳು ಕಾಲು ತೆರೆದು ಆಡಲಿ. ಚಳಿಗಾಲದಲ್ಲಿ ವಾರಕ್ಕೆರಡು ದಿನ ಎಳ್ಳೆಣ್ಣೆಯ ಅಭ್ಯಂಗ ಮಾಡಿಸಿದರೆ ಚರ್ಮವೂ ನಿದ್ರೆಯೂ ಸುಧಾರಿಸುತ್ತವೆ. ಗಾಯವಾದರೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. 10 ಮತ್ತು 16ನೆಯ ವಯಸ್ಸಿನ ಟಿ.ಡಿ. ಲಸಿಕೆಯನ್ನು ತಪ್ಪಿಸಬೇಡಿ. ಈಜನ್ನು ಬಲ್ಲವರ ಬಳಿ ಕಲಿಸಿರಿ, ಕಾಲುವೆಗೆ ಮಾತ್ರ ಎಂದಿಗೂ ಬಿಡಬೇಡಿ.

ಸ್ಥಳದ ಪ್ರಶ್ನೆ ಇದಕ್ಕಿಂತ ಕಠಿಣ. ರಾಯಚೂರಿನ ಕೋಟೆಯ ಆಸುಪಾಸು, ಮಾವಿನ ಕೆರೆಯ ದಂಡೆ, ಮಹಾತ್ಮಾ ಗಾಂಧಿ ಕ್ರೀಡಾಂಗಣ ಇವೆ. ಆದರೆ ಎಂಟು ವರ್ಷದ ಮಗು ಅಲ್ಲಿಗೆ ತಾನೇ ನಡೆದುಹೋಗುವಂತಿಲ್ಲ. ಶಾಲೆಗೊಂದು ಆಟದ ಮೈದಾನ ಇರಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. ಮೈದಾನವಿರುವ ಶಾಲೆಗಳೂ ಸಂಜೆಯ ಹೊತ್ತಿಗೆ ಬೀಗ ಜಡಿದುಕೊಳ್ಳುತ್ತವೆ. ಓಣಿಯ ನಾಲ್ಕು ಮನೆಯ ಹಿರಿಯರು ಸರದಿಯಲ್ಲಿ ಕಟ್ಟೆಯ ಮೇಲೆ ಕುಳಿತುಕೊಳ್ಳುವುದಾದರೆ ಬೀಗದ ಕೈ ಕೇಳಲು ನಮಗೊಂದು ಮುಖವಿರುತ್ತದೆ. ನಿವೃತ್ತರಾದವರಿಗೆ ಇದಕ್ಕಿಂತ ಒಳ್ಳೆಯ ಸಂಜೆ ಯಾವುದಿದೆ? ಮಠದ ಅಂಗಳದಲ್ಲಿಯೂ ಐದೂವರೆಯಿಂದ ಏಳರವರೆಗೆ ಎಲ್ಲ ಓಣಿಗಳ, ಎಲ್ಲ ಮನೆಗಳ ಹುಡುಗ ಹುಡುಗಿಯರಿಗೆ ಅವಕಾಶವಾಗಲೆಂದು ಪೂಜ್ಯರಲ್ಲಿ ಬಿನ್ನವಿಸಿಕೊಳ್ಳುತ್ತೇವೆ. ನಮ್ಮ ಸರದಿಗೆ ಬುಧವಾರ ಮತ್ತು ಶನಿವಾರ ನಾವು ಬಂದು ಕುಳಿತುಕೊಳ್ಳಲು ಸಿದ್ಧ.

ಮೊದಲು ಹೇಳಿದ ಆ ಬಾಲಕನ ತಾಯಿಗೆ ನಾವು ಒಂದೇ ಪಥ್ಯ ಹೇಳಿದ್ದೆವು: ಎದುರು ಮನೆಯ ಇಬ್ಬರು ಮಕ್ಕಳೊಡನೆ ಸಂಜೆ ಒಂದು ತಾಸು ಹೊರಗೆ, ಯಾರಾದರೊಬ್ಬ ದೊಡ್ಡವರು ಕಣ್ಣಳತೆಯಲ್ಲಿರಬೇಕು, ಆದರೆ ಆಟದಲ್ಲಿ ಬಾಯಿ ಹಾಕಬಾರದು. ಮೊದಲ ವಾರ ಅವನಿಗೆ ಬೇಸರವಾಗಿ ಒಳಗೆ ಓಡಿಬರುತ್ತಿದ್ದನಂತೆ. ಎರಡು ತಿಂಗಳ ಬಳಿಕ ಅವರು ಮತ್ತೆ ಬಂದರು. ಹೊಟ್ಟೆಯ ತೊಂದರೆ ಕಡಿಮೆಯಾಗಿತ್ತು, ರಾತ್ರಿ ಒಂಬತ್ತೂವರೆಗೆ ನಿದ್ರೆ ಬರುತ್ತಿತ್ತು, ಕನ್ನಡಕ ಇದ್ದಂತೆಯೇ ಇತ್ತು. ತಾಯಿ ಮಾತ್ರ ಸಿಟ್ಟಿನಲ್ಲಿದ್ದರು. "ನೋಡ್ರಿ ಡಾಕ್ಟ್ರೇ, ಹೊಸಾ ಪ್ಯಾಂಟು ಹರಕೊಂಡು ಬಂದಾನ" ಎಂದು ಅವನ ಮೊಣಕಾಲು ತೋರಿಸಿದರು. ಗಾಯ ಒಣಗುತ್ತಿತ್ತು. ತೊಳೆದು ಜಾತ್ಯಾದಿ ತೈಲ ಹಚ್ಚುತ್ತಿರುವಾಗ, ಲಗೋರಿಯಲ್ಲಿ ತಾನು ಹೇಗೆ ಜಿಗಿದೆನೆಂಬುದನ್ನು ಅವನು ಎದ್ದು ನಿಂತು ತೋರಿಸತೊಡಗಿದನು. ಕೂಡು ಎಂದು ಎರಡು ಸಲ ಹೇಳಬೇಕಾಯಿತು.