ಹಾಡು ಸಿದ್ಧ, ಹೊರುವವರು ಯಾರು?

2024ರ ಮಾರ್ಚ್ 29, ಶುಕ್ರವಾರ. ಕೆನಡಾದ ಗಿಟಾರ್ ವಾದಕ, ಗಾಯಕ ಪ್ಯಾಟ್ರಿಕ್ ಫ್ಲೆಗಲ್ ಅಂದು ಸಿಂಡಿ ಲೀ ಎಂಬ ವೇಷದ ಹೆಸರಿನಲ್ಲಿ ‘ಡೈಮಂಡ್ ಜೂಬಿಲಿ’ ಆಲ್ಬಂ ಹೊರಬಿಟ್ಟರು. ಒಟ್ಟು 32 ಹಾಡು, ಎರಡು ಗಂಟೆ. ಆಗ ಸ್ಪಾಟಿಫೈನಲ್ಲಿ ಇರಲಿಲ್ಲ, ಆ್ಯಪಲ್ ಮ್ಯೂಸಿಕ್‌ನಲ್ಲೂ ಇರಲಿಲ್ಲ. ಅಂಗಡಿಯ ಮಾತಂತೂ ದೂರ. ಯೂಟ್ಯೂಬಿನಲ್ಲಿ ಇಡೀ ಆಲ್ಬಂ ಒಂದೇ ಉದ್ದನೆಯ ವಿಡಿಯೊ ಆಗಿ ಬಿದ್ದಿತ್ತು. ಬೇಕೆಂದವರು ತೊಂಬತ್ತರ ದಶಕದ ಜಿಯೊಸಿಟೀಸ್ ಶೈಲಿಯ ಒಂದು ಪುಟಕ್ಕೆ ಹೋಗಿ ವೇವ್ ಫೈಲುಗಳನ್ನು ಇಳಿಸಿಕೊಳ್ಳಬೇಕಿತ್ತು. ಮನಸ್ಸಿದ್ದರೆ 30 ಡಾಲರ್ ಕೊಡಬಹುದಿತ್ತು. ಪ್ರಚಾರ ಇಲ್ಲ, ಪೋಸ್ಟರ್ ಇಲ್ಲ. ಏಪ್ರಿಲ್‌ನಲ್ಲಿ ಪಿಚ್‌ಫೋರ್ಕ್ ಪತ್ರಿಕೆ ಹತ್ತಕ್ಕೆ 9.1 ಅಂಕ ಕೊಟ್ಟಿತು. ಅಷ್ಟು ಅಂಕ ಆ ಪತ್ರಿಕೆಯಲ್ಲಿ ವರ್ಷಗಳಿಂದ ಯಾವ ಹೊಸ ಆಲ್ಬಮ್ಮಿಗೂ ಸಿಕ್ಕಿರಲಿಲ್ಲ.

ಕೇಳಿದರೆ ಹೇಗಿದೆ ಅಂತೀರಾ? ಅರವತ್ತರ ದಶಕದ ಹುಡುಗಿಯರ ತಂಡಗಳ ಪ್ರೇಮಗೀತೆಗಳು ಎಲ್ಲೋ ದೂರದ ಸ್ಟೇಷನ್ನಿಂದ ಗೊರಗೊರ ಸದ್ದಿನ ನಡುವೆ ತೇಲಿಬಂದಂತಿದೆ. ನಡುನಡುವೆ ಗಿಟಾರ್ ಒಂದು ಎದ್ದು ನಿಂತು ಎದೆ ಹಿಂಡುತ್ತದೆ. ಎಂಟು ಹತ್ತು ಹಾಡು ಕೈಬಿಟ್ಟಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಕೈಬಿಡಿ ಎನ್ನಲು ಫ್ಲೆಗಲ್ ಅವರ ತಲೆಯ ಮೇಲೆ ಯಾವ ಕಂಪನಿಯೂ ಇರಲಿಲ್ಲ. ಇಂಡೀ ಆಲ್ಬಮ್ಮಿನ ಸುಖವೂ ಅದೇ, ಕಷ್ಟವೂ ಅದೇ.

ಇಂಡೀ ಎಂದರೆ ಒಂದು ಬಗೆಯ ಸಂಗೀತ, ಸ್ವಲ್ಪ ಮಂಕು ಮುಖದ ಹುಡುಗರು ಸ್ವಲ್ಪ ಶ್ರುತಿ ತಪ್ಪಿಸಿ ಹಾಡುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಶುರುವಿನಲ್ಲಿ ಅದು ಸಂಗೀತದ ಮಾತೇ ಆಗಿರಲಿಲ್ಲ. ರೆಕಾರ್ಡಿನ ತಟ್ಟೆ ಒತ್ತಿಸಲು ದುಡ್ಡು ಯಾರದು, ಒತ್ತಿಸಿದ ಮೇಲೆ ಅಂಗಡಿಯವರೆಗೆ ಹೊರುವವರು ಯಾರು ಎಂಬ ಲೆಕ್ಕಾಚಾರದ ಮಾತಾಗಿತ್ತು. ಆ ಲೆಕ್ಕದ ಮೊದಲ ಪುಟ ನೋಡಬೇಕಾದರೆ 1976ರ ಡಿಸೆಂಬರ್ ಕೊನೆಯ ಮ್ಯಾಂಚೆಸ್ಟರಿಗೆ ಹೋಗಬೇಕು.

ಬಜ್‌ಕಾಕ್ಸ್ ಎಂಬ ಪಂಕ್ ತಂಡದ ಹುಡುಗರಿಗೆ ರೆಕಾರ್ಡ್ ಮಾಡುವ ಆಸೆ. ರೆಕಾರ್ಡ್ ಕಂಪನಿಗಳೆಲ್ಲ ಲಂಡನ್ನಿನಲ್ಲಿದ್ದವು. ಉತ್ತರದ ಕೈಗಾರಿಕಾ ಊರಿನ ಈ ಹುಡುಗರ ಕಡೆ ಯಾರೂ ತಿರುಗಿ ನೋಡುವಂತಿರಲಿಲ್ಲ. ಅವರು ಸಾಲ ಎತ್ತಿದರು. ಗಿಟಾರ್ ವಾದಕ ಪೀಟ್ ಶೆಲ್ಲಿಯ ಅಪ್ಪ ಸ್ವಲ್ಪ, ಸ್ನೇಹಿತರು ಸ್ವಲ್ಪ ಕೊಟ್ಟು, ಒಟ್ಟು ಸುಮಾರು 500 ಪೌಂಡ್ ಕೂಡಿತು. ಡಿಸೆಂಬರ್ 28ರಂದು ಇಂಡಿಗೊ ಸ್ಟುಡಿಯೊದಲ್ಲಿ ನಾಲ್ಕು ಹಾಡುಗಳನ್ನು ಮುದ್ರಿಸಿದರು. ಹಾಡಿದ್ದಕ್ಕೆ ಮೂರು ಗಂಟೆ, ಮಿಶ್ರಣಕ್ಕೆ ಎರಡು ಗಂಟೆ. ಧ್ವನಿಮುದ್ರಣದ ಹೊಣೆ ಹೊತ್ತವರು ಮಾರ್ಟಿನ್ ಹ್ಯಾನೆಟ್; ಮುಂದೆ ಈ ಕಥೆಯಲ್ಲಿ ಮತ್ತೆ ಬರುತ್ತಾರೆ. ಆ ನಾಲ್ಕರಲ್ಲಿ ‘ಬೋರ್‌ಡಮ್’ ಎಂಬ ಹಾಡಿನ ಗಿಟಾರ್ ಸೋಲೊದಲ್ಲಿ ಇರುವುದು ಎರಡೇ ಸ್ವರ. ಅವೇ ಎರಡು ಸ್ವರ ಆಂಬುಲೆನ್ಸ್ ಹಾಗೆ ಹೊಡೆದುಕೊಳ್ಳುತ್ತಲೇ ಇರುತ್ತವೆ. ಆಗಿನ ದೊಡ್ಡ ರಾಕ್ ತಂಡಗಳ ಹತ್ತು ನಿಮಿಷದ ಗಿಟಾರ್ ಕಸರತ್ತುಗಳಿಗೆ ಇದಕ್ಕಿಂತ ಖಾರದ ಉತ್ತರ ನಾನು ಕೇಳಿಲ್ಲ.

1977ರ ಜನವರಿ 29ಕ್ಕೆ ‘ಸ್ಪೈರಲ್ ಸ್ಕ್ರ್ಯಾಚ್’ ಬಂತು. ಅದು ಆಲ್ಬಂ ಅಲ್ಲ, ಏಳು ಇಂಚಿನ ಪುಟ್ಟ ತಟ್ಟೆ. ಲೇಬಲ್ಲಿನ ಹೆಸರು ನ್ಯೂ ಹಾರ್ಮೋನ್ಸ್. ಅದನ್ನೂ ಅವರೇ ಹುಟ್ಟುಹಾಕಿದ್ದು. ಕವರಿನ ಚಿತ್ರ ತೆಗೆದದ್ದು ಮ್ಯಾನೇಜರ್ ರಿಚರ್ಡ್ ಬೂನ್, ಪೋಲರಾಯ್ಡ್ ಕ್ಯಾಮೆರಾದಲ್ಲಿ, ಪಿಕಡಿಲಿ ಗಾರ್ಡನ್ಸಿನ ರಾಬರ್ಟ್ ಪೀಲ್ ಪ್ರತಿಮೆಯ ಬುಡದಲ್ಲಿ. ಆ ಕವರಿನಲ್ಲಿ ಒಂದು ವಿಶೇಷ ಇತ್ತು: ಯಾವ ಹಾಡು ಎಷ್ಟನೇ ಟೇಕು, ಮೇಲೆ ಗಿಟಾರ್ ಸೇರಿಸಿದ್ದಾರೋ ಇಲ್ಲವೋ ಎಂಬುದನ್ನೂ ಅಚ್ಚು ಹಾಕಿದ್ದರು. ರೆಕಾರ್ಡ್ ಎಂಬುದು ಯಾವುದೋ ಗುಪ್ತ ವಿದ್ಯೆ ಎಂಬ ಭಯ ಅಲ್ಲಿಗೆ ಹೋಯಿತು. ಮರುವರ್ಷ ಸ್ಕ್ರಿಟ್ಟಿ ಪೊಲಿಟ್ಟಿ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸ್ಟುಡಿಯೊ ಬಾಡಿಗೆಯಿಂದ ಹಿಡಿದು ತಟ್ಟೆ ಒತ್ತಿಸಿದ ಖರ್ಚಿನವರೆಗೆ ಎಲ್ಲವನ್ನೂ ಮದುವೆ ಮನೆಯ ಖರ್ಚಿನ ಚೀಟಿಯಂತೆ ಕವರಿನ ಮೇಲೆಯೇ ಬರೆಯಿತು. ಡೆಸ್ಪರೇಟ್ ಬೈಸಿಕಲ್ಸ್ ಎಂಬ ಇನ್ನೊಂದು ತಂಡ 153 ಪೌಂಡಿನಲ್ಲಿ ರೆಕಾರ್ಡ್ ಮುಗಿಸಿ, ಇದು ಯಾರ ಕೈಯಲ್ಲಾದರೂ ಆಗುವ ಕೆಲಸ ಎಂದು ಹಾಡಿನಲ್ಲೇ ಸಾರಿತು.

ಮಾಡುವುದೇನೋ ಸರಿ. ‘ಸ್ಪೈರಲ್ ಸ್ಕ್ರ್ಯಾಚ್’ ಮೊದಲ ಸಲ ಒತ್ತಿಸಿದ್ದು 1,000 ಪ್ರತಿ. ಅಷ್ಟು ಹೋದರೆ ಸಾಕಪ್ಪ ಎಂದುಕೊಂಡಿದ್ದವರು ಕೊನೆಗೆ ಮಾರಿದ್ದು 16,000. ಆದರೆ ಬೇರೆ ಊರಿನ ಅಂಗಡಿಗೆ ಪೆಟ್ಟಿಗೆ ತಲುಪಿಸುವುದು ಹೇಗೆ? ಲಾರಿ, ಗೋದಾಮು, ಲೆಕ್ಕಪತ್ರ ಎಲ್ಲ ದೊಡ್ಡ ಕಂಪನಿಗಳ ಕೈಯಲ್ಲಿ. ಈ ಗಂಟು ಬಿಡಿಸಿದ್ದು ಒಂದು ಅಂಗಡಿ. 1976ರಲ್ಲಿ ಜೆಫ್ ಟ್ರಾವಿಸ್ ಪಶ್ಚಿಮ ಲಂಡನ್ನಿನಲ್ಲಿ ತೆರೆದ ರಫ್ ಟ್ರೇಡ್, ಇಂಥ ಅನಾಥ ತಟ್ಟೆಗಳನ್ನು ಕೊಂಡು ಅಂಚೆಯಲ್ಲಿ ಕಳಿಸತೊಡಗಿತು. ಆಮೇಲೆ ಯಾರ್ಕ್, ಲಿವರ್‌ಪೂಲ್, ಬ್ರಿಸ್ಟಲ್, ನಾರ್ವಿಚ್ ಮುಂತಾದ ಊರುಗಳ ಇಂಥದೇ ಅಂಗಡಿಗಳು ಅದರ ಜೊತೆ ಸೇರಿ ಕಾರ್ಟೆಲ್ ಎಂಬ ಒಕ್ಕೂಟ ಕಟ್ಟಿಕೊಂಡವು. ರಾತ್ರಿ ಬಿಬಿಸಿಯಲ್ಲಿ ಜಾನ್ ಪೀಲ್ ಒಂದು ಅಪರಿಚಿತ ತಂಡದ ಹಾಡು ಹಾಕಿದರೆ, ಆ ತಟ್ಟೆ ಯಾವ ಊರಲ್ಲಾದರೂ ಸಿಗುವಂತೆ ಮಾಡುವುದು ಕಾರ್ಟೆಲ್ ಕೆಲಸ.

1978ರಲ್ಲಿ ರಫ್ ಟ್ರೇಡ್ ತಾನೇ ಲೇಬಲ್ ಆಯಿತು. ಖರ್ಚು ಕಳೆದು ಉಳಿದದ್ದು ತಂಡಕ್ಕೆ ಅರ್ಧ, ಲೇಬಲ್ಲಿಗೆ ಅರ್ಧ. ಮರುವರ್ಷ ಅಲ್ಲಿಂದಲೇ ಬೆಲ್‌ಫಾಸ್ಟಿನ ಸ್ಟಿಫ್ ಲಿಟಲ್ ಫಿಂಗರ್ಸ್ ತಂಡದ ‘ಇನ್‌ಫ್ಲೇಮಬಲ್ ಮೆಟೀರಿಯಲ್’ ಎಂಬ ಪೂರ್ತಿ ಎಲ್‌ಪಿ ಬಂತು. ಬ್ರಿಟನ್ನಿನ ಪಟ್ಟಿಯಲ್ಲಿ 14ನೇ ಸ್ಥಾನಕ್ಕೇರಿ, ಒಂದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಸಿಂಗಲ್ ಒತ್ತಿಸಿಕೊಳ್ಳುವ ಹುಡುಗಾಟ ಆಲ್ಬಂ ವ್ಯಾಪಾರವಾದದ್ದು ಅಲ್ಲಿಂದ.

ಅದೇ 1979ರ ಜೂನ್‌ನಲ್ಲಿ ಮ್ಯಾಂಚೆಸ್ಟರಿನ ಫ್ಯಾಕ್ಟರಿ ಲೇಬಲ್ ಜಾಯ್ ಡಿವಿಷನ್ ತಂಡದ ‘ಅನ್‌ನೋನ್ ಪ್ಲೆಷರ್ಸ್’ ತಂದಿತು. ಮೊದಲ ಒತ್ತು 10,000 ಪ್ರತಿ. ಧ್ವನಿಮುದ್ರಣ ಮತ್ತೆ ಹ್ಯಾನೆಟ್ ಅವರದು: ಡ್ರಮ್ಮಿನ ಒಂದೊಂದು ಏಟನ್ನೂ ಖಾಲಿ ಕೋಣೆಯಲ್ಲಿ ಒಂಟಿಯಾಗಿ ನಿಲ್ಲಿಸಿದಂಥ ಧ್ವನಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆಗಳು ಬೆಟ್ಟಸಾಲಿನಂತೆ ಏಳುವ ಅದರ ಕವರು ನಿಮಗೆ ಖಂಡಿತ ಗೊತ್ತು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಒಂದು ಸಂಜೆ ಓಡಾಡಿದರೆ ಯಾರಾದರೊಬ್ಬರ ಟೀ ಶರ್ಟಿನ ಮೇಲೆ ಕಣ್ಣಿಗೆ ಬೀಳುತ್ತದೆ. ಅದು 1967ರಲ್ಲಿ ಮೊದಲ ಬಾರಿಗೆ ಪತ್ತೆಯಾದ ಪಲ್ಸಾರ್ ನಕ್ಷತ್ರದ ರೇಡಿಯೊ ಮಿಡಿತಗಳ ನಕ್ಷೆ. ಖಗೋಳ ವಿಶ್ವಕೋಶವೊಂದರಿಂದ ಎತ್ತಿಕೊಂಡದ್ದು. ಶರ್ಟು ತೊಟ್ಟವರಲ್ಲಿ ಎಷ್ಟು ಮಂದಿ ಹಾಡು ಕೇಳಿದ್ದಾರೆ ಎಂದು ವಿಚಾರಿಸಲು ಹೋಗಬೇಡಿ, ಸುಮ್ಮನೆ ಜಗಳ.

ಫ್ಯಾಕ್ಟರಿಯ ಟೋನಿ ವಿಲ್ಸನ್ ಟಿವಿ ನಿರೂಪಕರು. ತಾಯಿ ಬಿಟ್ಟುಹೋದ ಹಣವನ್ನು ಇದಕ್ಕೆ ಸುರಿದವರು. ಹಾಡೆಲ್ಲ ಹಾಡಿದವರದು, ಲೇಬಲ್ಲಿನದು ಏನೂ ಇಲ್ಲ ಎಂಬ ಧಾಟಿಯ ಒಂದು ಕಾಗದ ಬರೆದಿಟ್ಟಿದ್ದರು. 1992ರಲ್ಲಿ ಫ್ಯಾಕ್ಟರಿ ಸಾಲದಲ್ಲಿ ಮುಳುಗಿದಾಗ ಲಂಡನ್ ರೆಕಾರ್ಡ್ಸ್ ಕೊಳ್ಳಲು ಬಂತು. ಈ ಕಾಗದ ನೋಡಿ, ಕೊಳ್ಳಲು ಇಲ್ಲಿ ಏನಿದೆ ಎಂದು ಹಿಂದೆ ಸರಿಯಿತು. ತತ್ವಕ್ಕೆ ಕಟ್ಟುಬಿದ್ದು ದಿವಾಳಿಯಾದವರಲ್ಲಿ ವಿಲ್ಸನ್ ನನಗೆ ತುಂಬ ಇಷ್ಟ. ಒಂದು ವರ್ಷ ಮೊದಲೇ, 1991ರಲ್ಲಿ, ರಫ್ ಟ್ರೇಡಿನ ವಿತರಣಾ ವಿಭಾಗವೂ ಕುಸಿದಿತ್ತು. ಅಲ್ಲಿಂದ ಬರಬೇಕಿದ್ದ ಬಾಕಿ ನಂಬಿಕೊಂಡಿದ್ದ ಸಣ್ಣ ಲೇಬಲ್ಲುಗಳು ನಡುನೀರಿನಲ್ಲಿ ನಿಂತವು. ಹಾಡು ಕೈಕೊಟ್ಟಿರಲಿಲ್ಲ, ಹೊರುವವರು ಕೈಕೊಟ್ಟರು.

ಇಷ್ಟರ ನಡುವೆ ಒಂದು ತಮಾಷೆಯೂ ನಡೆದಿತ್ತು. 1980ರ ಜನವರಿಯಿಂದ ಬ್ರಿಟನ್ನಿನಲ್ಲಿ ಇಂಡೀ ರೆಕಾರ್ಡುಗಳಿಗೆ ಪ್ರತ್ಯೇಕ ಪಟ್ಟಿ ಶುರುವಾಯಿತು. ಷರತ್ತು ಒಂದೇ: ದೊಡ್ಡ ಕಂಪನಿಗಳ ಜಾಲ ಬಿಟ್ಟು ಬೇರೆ ದಾರಿಯಲ್ಲಿ ವಿತರಣೆ ಆಗಿರಬೇಕು. ಹೀಗಾಗಿ ಎಂಬತ್ತರ ದಶಕದ ಕೊನೆಗೆ, ಥಳಕುಬಳಕಿನ ಪಾಪ್ ತಾರೆ ಕೈಲಿ ಮಿನೋಗ್ ಅವರ ಹಾಡುಗಳು ಇಂಡೀ ಪಟ್ಟಿಯ ತುದಿಗೆ ಏರಿದವು. ಅವರ ಲೇಬಲ್ಲಿನ ಸಾಗಣೆ ಸ್ವತಂತ್ರವಾಗಿತ್ತಲ್ಲ! ಕರಿ ಕೋಟಿನ ಗಂಭೀರ ಹುಡುಗರಿಗೆ ಎಷ್ಟು ಉರಿದಿರಬೇಕು. ಅಷ್ಟರಲ್ಲಿ 1986ರಲ್ಲಿ ಎನ್‌ಎಂಇ ವಾರಪತ್ರಿಕೆ 22 ತಂಡಗಳ ಒಂದೊಂದು ಹಾಡು ಸೇರಿಸಿ ‘ಸಿ86’ ಎಂಬ ಕ್ಯಾಸೆಟ್ ಮಾಡಿ ಓದುಗರಿಗೆ ಅಂಚೆಯಲ್ಲಿ ಕಳಿಸಿತ್ತು. ಝಣಝಣ ಗಿಟಾರು, ನಾಚಿಕೆಯ ಕಂಠ: ಇಂಡೀ ಅಂದರೆ ಹೀಗೇ ಕೇಳಿಸಬೇಕು ಎಂಬ ರೂಢಿ ಬಿದ್ದದ್ದು ಆ ಕ್ಯಾಸೆಟ್ಟಿನಿಂದ.

ನಮ್ಮಲ್ಲಿ ಕಥೆಯ ದಾರಿ ಬೇರೆ. ಇಲ್ಲಿ ಎದುರಾಳಿ ರೆಕಾರ್ಡ್ ಕಂಪನಿ ಮಾತ್ರವಲ್ಲ, ಸಿನಿಮಾ. ಡಮ್‌ಡಮ್ಮಿನ ಕಾರ್ಖಾನೆಯಲ್ಲಿ ತಟ್ಟೆ ಒತ್ತುತ್ತಿದ್ದ ಎಚ್‌ಎಂವಿಯ ಹಿಡಿತ ದಶಕಗಟ್ಟಲೆ ನಡೆಯಿತು. ಅದನ್ನು ಸಡಿಲಿಸಿದ್ದು ಕ್ಯಾಸೆಟ್. 1978ರಲ್ಲಿ ಮೈಸೂರು ಅನಂತಸ್ವಾಮಿ ಅವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ ‘ನಿತ್ಯೋತ್ಸವ’, ಸಿನಿಮಾದ ಹಂಗಿಲ್ಲದೆ ಕನ್ನಡದ ಮನೆಮನೆ ಸೇರಿತು. ಸಿ. ಅಶ್ವತ್ಥ್ ಅವರ ಕಂಠದಲ್ಲಿ ಶಿಶುನಾಳ ಷರೀಫರು ಊರೂರಿನ ಟೇಪ್ ರೆಕಾರ್ಡರುಗಳಲ್ಲಿ ಕೂತರು. ಅದೇ ಷರೀಫರನ್ನು ಗಿಟಾರ್ ಜೊತೆ ಹಾಡಿದ ಮೈಸೂರಿನ ರಘು ದೀಕ್ಷಿತ್, ಕಂಪನಿಗಳ ಬಾಗಿಲು ತಟ್ಟಿ ತಟ್ಟಿ ಸಾಕಾಗಿದ್ದರು. ಕೊನೆಗೆ ಅವರ ಮೊದಲ ಆಲ್ಬಂ 2008ರಲ್ಲಿ ಬಂದದ್ದು ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ಅವರ ಕೌಂಟರ್ ಕಲ್ಚರ್ ಎಂಬ ಹೊಸ ಲೇಬಲ್ಲಿನಿಂದ. ಸಿನಿಮಾದಲ್ಲಿ ದುಡಿದ ಕಾಸು ಸಿನಿಮಾದ ಹೊರಗಿನ ಹಾಡಿಗೆ ದಾರಿ ಮಾಡಿತು. ಎರಡು ವರ್ಷದ ನಂತರ ದೆಹಲಿಯ ಇಂಡಿಯನ್ ಓಷನ್ ತಂಡ ‘16/330 ಖಜೂರ್ ರೋಡ್’ ಆಲ್ಬಮ್ಮನ್ನು ತಿಂಗಳಿಗೊಂದು ಹಾಡಿನಂತೆ ಪುಕ್ಕಟೆ ಹಂಚಿತು. ಆ ಹೆಸರು ತಂಡ ತಾಲೀಮು ನಡೆಸುತ್ತಿದ್ದ ಕರೋಲ್ ಬಾಗಿನ ಹಳೆಯ ಬಂಗಲೆಯ ವಿಳಾಸ.

ಪುಕ್ಕಟೆಯ ಮಾತು ಬಂದಾಗ ಎಲ್ಲರೂ ರೇಡಿಯೊಹೆಡ್ ತಂಡದ ಹೆಸರು ತೆಗೆಯುತ್ತಾರೆ. 2007ರ ಅಕ್ಟೋಬರ್ 10ರಂದು ‘ಇನ್ ರೇನ್‌ಬೋಸ್’ ಹೊರಬಿಟ್ಟು, ನಿಮಗೆ ತೋಚಿದ ಬೆಲೆ ಕೊಡಿ ಎಂದರು. ಆಲ್ಬಂ ಅದ್ಭುತ, ಎರಡು ಮಾತಿಲ್ಲ. ಆದರೆ ಆ ಧೈರ್ಯದ ಹಿಂದೆ ಇಎಂಐ ಎಂಬ ದೊಡ್ಡ ರೆಕಾರ್ಡ್ ಕಂಪನಿಯ ಹಣದಲ್ಲಿ ಹಲವು ವರ್ಷ ಬೆಳೆದ ಹೆಸರಿತ್ತು. ಹೆಸರಿಲ್ಲದವರಿಗೆ ಒದಗಿದ್ದು ಮರುವರ್ಷ ಬಂದ ಬ್ಯಾಂಡ್‌ಕ್ಯಾಂಪ್: ಬೆಲೆ ನೀವೇ ಕಟ್ಟಿ, ಡಿಜಿಟಲ್ ಮಾರಾಟದಲ್ಲಿ ನೂರಕ್ಕೆ 15 ನಮಗೆ ಕೊಡಿ ಎಂಬ ಸರಳ ಏರ್ಪಾಡು. ಕೋವಿಡ್ ಬಂದು ಸಂಗೀತ ಕಛೇರಿಗಳು ನಿಂತಾಗ, 2020ರ ಮಾರ್ಚ್ 20ರ ಶುಕ್ರವಾರ ಆ ಪಾಲನ್ನೂ ಬಿಟ್ಟುಕೊಟ್ಟರು. ಬ್ಯಾಂಡ್‌ಕ್ಯಾಂಪ್ ಫ್ರೈಡೇ ಎಂದು ಅದು ನನ್ನಂಥವರಿಗೆ ಸಣ್ಣ ಹಬ್ಬವಾಯಿತು. ಕಾರ್ಡಿನ ಬಿಲ್ಲು ಬಂದಾಗ ಮಾತ್ರ ಮನೆಯಲ್ಲಿ ಸ್ವಲ್ಪ ಮಾತು ಕೇಳಬೇಕು.

2022ರಲ್ಲಿ ಬ್ಯಾಂಡ್‌ಕ್ಯಾಂಪನ್ನು ಎಪಿಕ್ ಗೇಮ್ಸ್ ಕೊಂಡಿತು. ಮರುವರ್ಷವೇ ಸಾಂಗ್‌ಟ್ರೇಡರ್ ಎಂಬ ಕಂಪನಿಗೆ ಮಾರಿತು, ನೌಕರರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಕೆಲಸ ಕಳೆದುಕೊಂಡರು. 1991ರ ರಫ್ ಟ್ರೇಡ್ ಕುಸಿತ ನೆನಪಿದ್ದವರ ಎದೆ ಹೊಡೆದುಕೊಂಡಿರಬೇಕು. ಸ್ಪಾಟಿಫೈ ಬೇರೆ, ವರ್ಷಕ್ಕೆ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಕಾಸು ಇಲ್ಲ ಎಂದು 2024ರಿಂದ ನಿಯಮ ಮಾಡಿದೆ. ಇದು ಯಾವ ನ್ಯಾಯವೋ ನನಗೆ ಅರ್ಥವಾಗಿಲ್ಲ. 900 ಸಲ ಕೇಳಿದವರೇನು ಕಿವಿ ಮುಚ್ಚಿಕೊಂಡಿದ್ದರೇ?

ಆದರೂ ಸಾಗಣೆಯ ತಾಪತ್ರಯ ಈಗ ಮೊದಲಿನಷ್ಟಿಲ್ಲ. ಫೈಲು ಹೊರಲು ಲಾರಿ ಬೇಡ. ಕೊರತೆ ಇರುವುದು ಜಾನ್ ಪೀಲ್ ಥರದವರದು. 2015ರ ಜುಲೈ 10ರಿಂದ ಜಗತ್ತಿನ ಬಹುಪಾಲು ದೇಶಗಳಲ್ಲಿ ಹೊಸ ಆಲ್ಬಂ ಬಿಡುಗಡೆಗೆ ಶುಕ್ರವಾರ ಗೊತ್ತಾಯಿತು; ಅದಕ್ಕೂ ಮೊದಲು ಬ್ರಿಟನ್ನಿಗೆ ಸೋಮವಾರ, ಅಮೆರಿಕಕ್ಕೆ ಮಂಗಳವಾರ. ಗಾಂಧಿನಗರದ ಸಿನಿಮಾ ಶುಕ್ರವಾರದ ಹಾಗೆ ಈಗ ಎಲ್ಲರೂ ಒಂದೇ ದಿನ ನುಗ್ಗುತ್ತಾರೆ, ದೊಡ್ಡವರ ಕಾಲಡಿ ಸಣ್ಣವರು ಸಿಕ್ಕಿಕೊಳ್ಳುತ್ತಾರೆ. ಯಾವುದು ಕೇಳಬೇಕು ಎಂದು ಕೈತೋರಿಸುತ್ತಿದ್ದ ಪಿಚ್‌ಫೋರ್ಕ್ ಕೂಡ 2024ರ ಜನವರಿಯಲ್ಲಿ, ‘ಡೈಮಂಡ್ ಜೂಬಿಲಿ’ ಬರುವ ಮೊದಲೇ, ಪುರುಷರ ಫ್ಯಾಷನ್ ಪತ್ರಿಕೆ ಜಿಕ್ಯೂ ತೆಕ್ಕೆಗೆ ಸೇರಿತ್ತು.

ಉಳಿದವರು ಕೇಳುಗರು. ಮೆಲ್ಬರ್ನಿನ ಕಿಂಗ್ ಗಿಝರ್ಡ್ ಆ್ಯಂಡ್ ದ ಲಿಝರ್ಡ್ ವಿಝರ್ಡ್ ತಂಡಕ್ಕೆ ಇದು ಚೆನ್ನಾಗಿ ಗೊತ್ತಿತ್ತು. 2017ರಲ್ಲಿ ಐದು ಆಲ್ಬಂ ತರುತ್ತೇವೆಂದು ಹೊರಟವರು ನಾಲ್ಕನೆಯದಾದ ‘ಪಾಲಿಗೊಂಡ್ವಾನಾಲ್ಯಾಂಡ್’ ಅನ್ನು ನವೆಂಬರ್ 17ರಂದು ಪುಕ್ಕಟೆ ಬಿಟ್ಟರು. ಬರಿಯ ಹಾಡಲ್ಲ, ತಟ್ಟೆ ಒತ್ತಿಸಲು ಬೇಕಾದ ಮಾಸ್ಟರ್ ಫೈಲು, ಕವರಿನ ಚಿತ್ರ ಎಲ್ಲವನ್ನೂ ಕೊಟ್ಟು, ಬೇಕಾದವರು ಒತ್ತಿಸಿ ಮಾರಿಕೊಳ್ಳಿ ಎಂದರು. ಹಲವು ದೇಶಗಳ ಸಣ್ಣ ಲೇಬಲ್ಲುಗಳು, ದುಡ್ಡು ಕೂಡಿಸಿಕೊಂಡ ಅಭಿಮಾನಿಗಳು ಮುಗಿಬಿದ್ದರು. ಒಬ್ಬರದು ಕೆಂಪು ತಟ್ಟೆ, ಇನ್ನೊಬ್ಬರದು ಹಸಿರು; ಸಂಗೀತ ಒಂದೇ. ಕಾರ್ಖಾನೆಗಳಿಗೆ ಆ ಆರ್ಡರುಗಳು ಹೋಗುತ್ತಿರುವಾಗಲೇ, ಕೊಟ್ಟ ಮಾತಿಗೆ ತಪ್ಪದೆ, ಡಿಸೆಂಬರ್ 31ಕ್ಕೆ ಐದನೆಯ ಆಲ್ಬಂ ‘ಗಂಬೂಟ್ ಸೂಪ್’ ಬಂತು. ಅಂದು ಶುಕ್ರವಾರ ಆಗಿರಲಿಲ್ಲ, ಭಾನುವಾರ.