ಕುಳಿತೇ ಕಾಯ್ದ ಗೋಲು

ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೋಲನ್ನು ನಿಂತು ಕಾಯುವುದೇ ಕಷ್ಟ. ಅಮೆರಿಕದ ಸ್ಟೀವ್ ಕ್ಯಾಶ್ ಅದನ್ನು ಕುಳಿತು ಕಾಯ್ದರು!

ಮೂರನೆಯ ವಯಸ್ಸಿನಲ್ಲಿ ಮೂಳೆಯ ಕ್ಯಾನ್ಸರ್ ಅವರ ಬಲಗಾಲನ್ನು ಕಸಿದುಕೊಂಡಿತು. ಮುಂದೆ ಒಲಿದದ್ದು ಪ್ಯಾರಾ ಐಸ್ ಹಾಕಿ. ಇಲ್ಲಿ ಎಲ್ಲರೂ ಕೂರುವುದು ಉಕ್ಕಿನ ಅಲಗುಗಳ ಮೇಲೆ ನಿಂತ ಪುಟ್ಟ ಜಾರುಬಂಡಿಯಲ್ಲಿ. ಕೈಗೋಲಿನ ಲೋಹದ ಹಲ್ಲುಗಳಿಂದ ಮಂಜುಗಡ್ಡೆಯನ್ನು ಹಿಂದಕ್ಕೆ ಒತ್ತಿದರೆ ಬಂಡಿ ಮುಂದಕ್ಕೆ ಚಿಮ್ಮುತ್ತದೆ. ನ್ಯೂಟನ್ನನ ಮೂರನೆಯ ನಿಯಮವೆಂದರೆ ಇದೇ!

ಕುಳಿತ ಗೋಲ್‌ಕೀಪರನಿಗೆ ಮೇಲಿನ ಮೂಲೆಗಳೇ ಅಪಾಯ. ಅಲ್ಲಿಗೆ ಮಿಂಚಿನಂತೆ ತೋಳು ಚಾಚಬೇಕು. 2006ರ ಟುರಿನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರ ತಂಡಕ್ಕೆ ದಕ್ಕಿದ್ದು ಕಂಚು. ಅಷ್ಟಕ್ಕೇ ತೃಪ್ತರಾಗದ ಕ್ಯಾಶ್, 2010ರ ವ್ಯಾಂಕೂವರ್ ಕೂಟದ ಐದೂ ಪಂದ್ಯಗಳಲ್ಲಿ ಒಂದೇ ಒಂದು ಗೋಲನ್ನೂ ಬಿಡಲಿಲ್ಲ! ಫೈನಲ್‌ನಲ್ಲಿ ಜಪಾನ್ 0-2ರಿಂದ ಸೋತಿತು. 2014 ಹಾಗೂ 2018ರಲ್ಲೂ ಚಿನ್ನ.

ಕಾಲು ಮಾಡಬೇಕಿದ್ದ ಕೆಲಸವನ್ನು ತೋಳು ಕಲಿಯಿತು. ಕಲಿಸಿದ್ದು ಅಭ್ಯಾಸ.