ಹೆಸರು ಕಾಯ್ದ ಹಳೆಯೂರು

ಭೂಪಟವನ್ನು ಮುಂದಿಟ್ಟುಕೊಂಡು, ಕಾಣದ ಊರುಗಳ ಹೆಸರುಗಳನ್ನು ಬಿಡಿಸಿ ನೋಡುವುದು ನನ್ನ ಹಳೆಯ ಚಟ. ಸ್ಕ್ಯಾಂಡಿನೇವಿಯದ ಪಟವಂತೂ ಈ ಚಟಕ್ಕೆ ಸುಗ್ಗಿಯೇ ಸರಿ. ಅಲ್ಲಿಯವರ ನುಡಿಗಳಲ್ಲಿ 'ಬ್ಯೂ' ಎಂದರೆ ಊರು, 'ವಿಕ್' ಎಂದರೆ ಕೊಲ್ಲಿ, 'ಹೋಲ್ಮ್' ಎಂದರೆ ನಡುಗಡ್ಡೆ, 'ಹಾವ್ನ್' ಎಂದರೆ ಬಂದರು. ಇಷ್ಟು ತಿಳಿದರೆ ಕೋಪನ್‌ಹೇಗನ್ ವರ್ತಕರ ಬಂದರಾಗುತ್ತದೆ. ಕಡಲು ದಾಟಿಹೋದ ನಾರ್ವೆಯವರು ಐಸ್‌ಲೆಂಡಿನಲ್ಲಿ ಬಿಸಿನೀರ ಬುಗ್ಗೆಗಳ ಹಬೆಯನ್ನು ಕಂಡು ಹೆಸರಿಟ್ಟ ರೇಕ್ಯಾವಿಕ್ ಹೊಗೆಯ ಕೊಲ್ಲಿಯಾಗುತ್ತದೆ. ಡೆನ್ಮಾರ್ಕಿನ ಓಡೆನ್ಸ ನಗರವು ಕ್ರೈಸ್ತವಾದ ಮೇಲೂ ಓಡಿನ್ ದೇವನ ಪುಣ್ಯಸ್ಥಾನವೆಂಬ ಹೆಸರನ್ನು ಬಿಟ್ಟುಕೊಟ್ಟಿಲ್ಲ.

ಆದರೆ ಎಲ್ಲ ಹೆಸರುಗಳೂ ಇಷ್ಟು ಸುಲಭವಾಗಿ ಬಾಯಿಬಿಡುವುದಿಲ್ಲ. ನಾರ್ವೆಯ ಓಸ್ಲೋ ಎಂಬುದನ್ನು ಬಹುಕಾಲ 'ಲೋ ಎಂಬ ಹೊಳೆಯ ಮುಖ' ಎಂದು ಅರ್ಥೈಸುತ್ತಿದ್ದರು. ತರಗತಿಯಲ್ಲಿ ನಾನೂ ಒಮ್ಮೆ ಧೈರ್ಯವಾಗಿ ಹಾಗೆಯೇ ಹೇಳಿದ್ದೆ. ಅರ್ಥವೇನೋ ಅಚ್ಚುಕಟ್ಟಾಗಿದೆ, ದೋಷ ಒಂದೇ. ಆ ಹೊಳೆಯ ಹಳೆಯ ಹೆಸರು ಲೋ ಅಲ್ಲ, ಆಲ್ನ. ಊರಿನ ಹೆಸರನ್ನು ವಿವರಿಸಹೊರಟವರು ಹೊಳೆಗೇ ಹೊಸ ಹೆಸರನ್ನಿಟ್ಟಿದ್ದರು! 'ಲೋ' ಎಂದರೆ ಹುಲ್ಲುಗಾವಲು ಎಂಬುದು ಇಂದಿನ ವಿದ್ವಾಂಸರ ಮತ. ಅದು ಗುಡ್ಡದ ಏಣಿನ ಅಡಿಯ ಹುಲ್ಲುಗಾವಲೋ, ದೇವತೆಗಳ ಹುಲ್ಲುಗಾವಲೋ, ಆ ವಾದ ಇನ್ನೂ ಮುಗಿದಿಲ್ಲ.

ಈ ಹೆಸರಿನ ಬಾಳುವೆ ಅದರ ಅರ್ಥಕ್ಕಿಂತಲೂ ಸ್ವಾರಸ್ಯವಾದುದು. 1624ರಲ್ಲಿ ಊರು ಬೆಂಕಿಗೆ ಆಹುತಿಯಾದಾಗ, ಡೆನ್ಮಾರ್ಕ್-ನಾರ್ವೆಗಳ ದೊರೆ ನಾಲ್ಕನೆಯ ಕ್ರಿಶ್ಚಿಯನ್ ಅದನ್ನು ಆಕೆರ್ಸ್‌ಹೂಸ್ ಕೋಟೆಯ ಬಳಿಗೆ ಸರಿಸಿ ಕಟ್ಟಿಸಿ, ಕ್ರಿಸ್ತಿಯಾನಿಯ ಎಂದು ತನ್ನ ಹೆಸರನ್ನೇ ಇಟ್ಟನು. ಹೊಸ ಪಟ್ಟಣದ ಎಲ್ಲೆಯಾಚೆ, ಸುಟ್ಟ ಊರಿನ ನೆಲದಲ್ಲಿ ನಿಂತ ಹಳ್ಳಿಯೊಂದು ಮಾತ್ರ ಓಸ್ಲೋ ಎನಿಸಿಕೊಂಡೇ ಉಳಿಯಿತು. ಮುನ್ನೂರು ವರ್ಷಗಳು ಕಳೆದು, 1925ರ ಜನವರಿ 1ರಂದು ರಾಜಧಾನಿಯೇ ಆ ಹೆಸರನ್ನು ಮರಳಿ ಪಡೆಯಿತು. ಹೆಸರನ್ನು ಕಾಯ್ದ ನೆಲವೋ, ಅದನ್ನು ನಗರಕ್ಕೆ ಒಪ್ಪಿಸಿ, ತಾನು ಗಾಮ್ಲೆಬ್ಯೂಯೆನ್, ಎಂದರೆ ಹಳೆಯೂರು, ಎನಿಸಿಕೊಂಡಿತು.

ಹಾಗೆಂದು ಹಳೆಯ ಹೆಸರೆಲ್ಲವೂ ಮರಳಲೇಬೇಕೆಂದಿಲ್ಲ. ಟ್ರೋಂಡ್ಯೆಮ್ ನಗರಕ್ಕೆ ನಿಡಾರೋಸ್ ಎಂಬ ಪ್ರಾಚೀನ ನಾಮವನ್ನು ಪಾರ್ಲಿಮೆಂಟು 1930ರಲ್ಲಿ ವಿಧಿಸಿತು. ನಿಡ್ ಎಂಬ ಹೊಳೆಯ ಮುಖ ಎಂಬುದು ಅದರ ಅರ್ಥ. ಇಲ್ಲಿ ಹೊಳೆಯೂ ನಿಜ, ಹೆಸರೂ ನಿಜ. ಆದರೂ ಜನ ಒಪ್ಪಲಿಲ್ಲ, ಪ್ರತಿಭಟಿಸಿದರು. ಕೊನೆಗೆ 1931ರಲ್ಲಿ ಟ್ರೋಂಡ್‌ಹೈಮ್ ಎಂಬ ರೂಪದಲ್ಲಿ ರಾಜಿಯಾಯಿತು.

ಹೆಸರಿನ ಧಾತುವನ್ನು ವಿದ್ವಾಂಸರು ಹುಡುಕಿಕೊಡಬಲ್ಲರು, ದೊರೆಗಳು ಹೆಸರನ್ನೇ ಬದಲಿಸಬಲ್ಲರು. ಅದನ್ನು ಬದುಕಿಸುವವರು ಮಾತ್ರ ದಿನವೂ ಅದನ್ನು ಬಾಯಲ್ಲಿ ಆಡುವವರು. ಈಗ ಭೂಪಟವನ್ನು ತೆರೆದಾಗಲೆಲ್ಲ, ಅರ್ಥ ಹೇಳುವ ಆತುರವನ್ನು ತುಸು ತಡೆದುಕೊಳ್ಳುತ್ತೇನೆ.